ಕರುಳಿಲ್ಲದವನೋ, ಕಾಯಿಲೆಯವನೋ?

‘ಅವಗ ಕರುಳ ಅನ್ನೋದೇ ಇಲ್ಲ ಬಿಡ್ರಿ.’ ಯಾದಗಿರಿ, ಶಹಾಪುರ, ಸುರಪುರದ ಕಡೆ ಒಬ್ಬನ ಮೇಲೆ ಈ ಮಾತು ಬಿತ್ತೆಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ತಾಯಿ ಸತ್ತರೂ ಅಳಲಿಲ್ಲ, ಹೆಂಡತಿ ಜ್ವರದಿಂದ ಮಲಗಿದ್ದರೂ ರೊಟ್ಟಿ ಕೇಳಿದ ಎಂದು ಕಟ್ಟೆಯ ಮೇಲೆ ಕುಳಿತವರು ಸಾಕ್ಷಿ ಹೇಳುತ್ತಾರೆ. ಇಂಥವರಲ್ಲಿ ಕೆಲವರಿಗಾದರೂ ಬೇಕಾದದ್ದು ಬೈಗುಳವಲ್ಲ, ವೈದ್ಯರ ತಪಾಸಣೆ.

ಇನ್ನೊಬ್ಬರ ನೋವನ್ನು ಅರಿತು ಮಿಡಿಯುವ ಗುಣಕ್ಕೆ ಮನೋವಿಜ್ಞಾನದಲ್ಲಿ ‘ಪರಾನುಭೂತಿ’ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವುದು ಒಂದು. ಅವರ ನೋವು ನಮಗೂ ತಟ್ಟುವುದು ಇನ್ನೊಂದು. ಆಟಿಸಂ ಇರುವ ಅನೇಕರಿಗೆ ಮೊದಲನೆಯದು ಕಷ್ಟ. ಮುಖಭಾವ, ಮಾತಿನ ಧಾಟಿ ಅವರಿಗೆ ಬೇಗ ತಿಳಿಯದು. ಬಿಡಿಸಿ ಹೇಳಿದರೆ ಅವರಲ್ಲಿ ಎಷ್ಟೋ ಮಂದಿ ನಮಗಿಂತ ಹೆಚ್ಚು ನೊಂದುಕೊಳ್ಳುತ್ತಾರೆ. ಸಮಾಜವಿರೋಧಿ ವ್ಯಕ್ತಿತ್ವದ ಕೆಲವರದು ಇದಕ್ಕೆ ವಿರುದ್ಧ. ನಿಮ್ಮ ದುಃಖ, ಭಯ ಅವರಿಗೆ ಚೆನ್ನಾಗಿ ತಿಳಿಯುತ್ತದೆ, ಆದರೆ ತಟ್ಟುವುದಿಲ್ಲ. ಇವರಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ. ಅಂದಹಾಗೆ, 18 ವರ್ಷ ತುಂಬದವರಿಗೆ ವೈದ್ಯರು ಸಹ ಈ ವ್ಯಕ್ತಿತ್ವ ದೋಷದ ಹೆಸರು ಹಚ್ಚುವುದಿಲ್ಲ. ಹಟಮಾರಿ ಹುಡುಗನನ್ನು ‘ಸೈಕೋ’ ಎಂದು ಕರೆಯುವುದು ಸಿನಿಮಾ ಕಲಿಸಿದ ಚಾಳಿ.

ಖಿನ್ನತೆಯಲ್ಲಿಯೂ ಭಾವನೆಗಳು ಮರಗಟ್ಟುತ್ತವೆ. ತನ್ನ ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸುವುದಿಲ್ಲ ಎಂದು ಬಾಣಂತಿಯೊಬ್ಬಳು ಹೇಳಿದರೆ ಅವಳು ಕೆಟ್ಟ ತಾಯಿಯಲ್ಲ, ಚಿಕಿತ್ಸೆ ಬೇಕಾದವಳು. ಸ್ಕಿಜೋಫ್ರೇನಿಯಾದಲ್ಲಿ ಮುಖದ ಮೇಲೆ ಭಾವನೆ ಕಾಣದೆ ಹೋಗಬಹುದು. ಇನ್ನು ಕೆಲವರಿಗೆ ಒಳಗಿನದನ್ನು ಹೇಳಲು ಮಾತೇ ಸಿಗುವುದಿಲ್ಲ. ನಮ್ಮ ಭಾಗದಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋದವರು ತಿಂಗಳುಗಟ್ಟಲೆ ಬಿಟ್ಟು ಬಂದಾಗ, ಅಜ್ಜಿಯ ಬಳಿ ಬೆಳೆದ ಮಗು ‘ಯವ್ವಾ’ ಎಂದು ಓಡಿ ಬರದಿದ್ದರೆ ಅದಕ್ಕೆ ಕಾಯಿಲೆಯ ಹೆಸರು ಬೇಡ. ಮಗುವಿಗೆ ಸ್ವಲ್ಪ ಕಾಲ ಕೊಡಿ.

ಯಾರೂ ಅನುಮಾನಿಸದ ಕಾಯಿಲೆ ಇನ್ನೊಂದಿದೆ. ಐವತ್ತೈದರ ಯಜಮಾನನೊಬ್ಬನನ್ನು ಊಹಿಸಿಕೊಳ್ಳಿ. ಜೀವಮಾನವೆಲ್ಲ ಮನೆಗಾಗಿ ದುಡಿದವನು, ಮೊಮ್ಮಕ್ಕಳೆಂದರೆ ಪ್ರಾಣ. ಒಂದೆರಡು ವರ್ಷಗಳಿಂದ ಬದಲಾಗಿದ್ದಾನೆ. ಸಾವಿನ ಮನೆಯಲ್ಲಿ ನಗುತ್ತಾನೆ. ಬೀಗರ ಎದುರು ಅಸಭ್ಯ ಮಾತನಾಡುತ್ತಾನೆ. ಕಂಡದ್ದೆಲ್ಲ ತಿನ್ನುತ್ತಾನೆ, ಸಿಹಿಯೆಂದರೆ ಬಿಡುವುದಿಲ್ಲ. ಹೆಂಡತಿ ಅತ್ತರೆ ಸುಮ್ಮನೆ ನೋಡುತ್ತಾನೆ. ಆದರೆ ಲೆಕ್ಕ ತಪ್ಪುವುದಿಲ್ಲ, ಹೊಲದ ದಾರಿ ಮರೆತಿಲ್ಲ. ಹಾಗಾಗಿ ‘ಮುಪ್ಪಿನಾಗ ಸೊಕ್ಕು’ ಎಂದು ಜನ ತೀರ್ಮಾನಿಸುತ್ತಾರೆ. ಇದು ಮಿದುಳಿನ ಮುಂಭಾಗ ಹಾಗೂ ಕಪೋಲ ಭಾಗ ಸವೆಯುವ ಒಂದು ಬಗೆಯ ಮರೆಗುಳಿ ರೋಗ, ಫ್ರಂಟೊಟೆಂಪೊರಲ್ ಡಿಮೆನ್ಷಿಯಾ, ಇರಬಹುದು. ಹೆಚ್ಚಾಗಿ 45ರಿಂದ 65ರೊಳಗೆ ಆರಂಭವಾಗುತ್ತದೆ. ಮೊದಮೊದಲು ನೆನಪಿನ ಶಕ್ತಿ ಚೆನ್ನಾಗಿಯೇ ಇರುವುದರಿಂದ ಮರೆಗುಳಿ ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಇದನ್ನು ಗುಣಪಡಿಸುವ ಔಷಧಿ ಇಲ್ಲ ನಿಜ. ಆದರೂ ತಿಳಿದುಕೊಂಡರೆ ಲಾಭವಿದೆ. ಇಂಥವರು ಯಾರೋ ಕೇಳಿದರೆಂದು ಹೊಲದ ಕಾಗದಕ್ಕೆ ಸಹಿ ಹಾಕಿಬಿಡಬಹುದು. ಕಾಯಿಲೆ ಗೊತ್ತಿದ್ದ ಮನೆಯವರು ಮೊದಲೇ ಎಚ್ಚರ ವಹಿಸಬಹುದು. ಮಿದುಳಿನ ಗಡ್ಡೆ, ತಲೆಗೆ ಬಿದ್ದ ಪೆಟ್ಟು, ಥೈರಾಯ್ಡ್ ತೊಂದರೆಗಳಿಂದಲೂ ಸ್ವಭಾವ ಬದಲಾಗುವುದುಂಟು. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ಒಂದು ಪ್ರಶ್ನೆ ಮುಖ್ಯ: ಈತ ಮೊದಲಿನಿಂದಲೂ ಹೀಗೆಯೋ, ಈಚೆಗೆ ಹೀಗಾದನೋ? ಈಚೆಗೆ ಎಂದಾದರೆ ತಡ ಮಾಡಬೇಡಿ.

ಹಾಗೆಂದು ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನಿಗೆಲ್ಲ ಕಾಯಿಲೆಯ ನೆಪ ಒದಗಿಸುವುದು ಸಲ್ಲದು. ರೋಗದ ಹೆಸರು ಹೊಡೆತಕ್ಕೆ ರಹದಾರಿಯಲ್ಲ. ಅವನಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಪೆಟ್ಟು ತಿಂದವಳ ತಲೆಗೇ ಕಟ್ಟುವ ಹಿರಿಯರ ಪಂಚಾಯಿತಿ ನನಗೆ ಒಪ್ಪಿಗೆಯಿಲ್ಲ. ಆಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ.

ತೋರಿಸುವುದೆಲ್ಲಿ? ಹಳ್ಳಿಯ ಹತ್ತಿರವೇ ಮನೋಚಿಕಿತ್ಸೆ ಸಾಧ್ಯವೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2009ರ ಕೊನೆಗೆ ಗುಲ್ಬರ್ಗದಿಂದ ಬೇರೆಯಾದ ಯಾದಗಿರಿ ಜಿಲ್ಲೆಗೂ ಅದು ಅನ್ವಯಿಸುತ್ತದೆ. ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. ಶಹಾಪುರ, ಸುರಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ತಪಾಸಣೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ರೋಗಿ ಬರಲು ಒಪ್ಪದಿದ್ದರೆ ಮನೆಯವರೇ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಗೆ ಶುಲ್ಕವಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಯಾವಾಗಿನಿಂದ ಬದಲಾವಣೆ, ಮೊದಲು ಹೇಗಿದ್ದರು, ಊಟ ನಿದ್ರೆ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ.