ದೂರದ ಕ್ಲಬ್, ಹತ್ತಿರದ ನೆರೆಮನೆ

ಕುಂಭಾಶಿಯಿಂದ ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಸುಮಾರು 8,000 ಕಿಲೋಮೀಟರ್ ದೂರವಿದೆ. ಆದರೂ ಕುಂದಾಪುರದಿಂದ ಬ್ರಹ್ಮಾವರದವರೆಗಿನ ಹೆದ್ದಾರಿಯಂಚಿನ ನಮ್ಮ ಊರುಗಳಲ್ಲಿ ಆ ನಗರದ ಕ್ಲಬ್ಬಿನ ಕೆಂಪು ಜೆರ್ಸಿ ತೊಟ್ಟ ಹುಡುಗರು ಕಾಣಸಿಗುತ್ತಾರೆ. ಕೆಲವರ ಮನಸ್ಸು ಮ್ಯಾಂಚೆಸ್ಟರ್‌ನಲ್ಲಿದ್ದರೆ ಇನ್ನು ಕೆಲವರದು ಬಾರ್ಸಿಲೋನಾದಲ್ಲಿ, ಮ್ಯಾಡ್ರಿಡ್‌ನಲ್ಲಿ. ಆ ಮೈದಾನಗಳ ಬಾಗಿಲನ್ನು ಅವರು ಎಂದಾದರೂ ದಾಟಿಯಾರೆಂಬ ಭರವಸೆಯಿಲ್ಲ. ಆದರೆ ಕ್ಲಬ್ ಸೋತ ಮರುದಿನ ಅವರಿಗೆ ಊಟ ರುಚಿಸದು.

ಹಿರಿಯರು ಇದನ್ನು ಹುಚ್ಚೆಂದು ತಳ್ಳಿಹಾಕುವುದುಂಟು. ನಾವು ಹಾಗೆ ಹೇಳಲಾರೆವು. ಕಾಣದ ಊರಿನ ಜನರ ಗೆಲುವಿನಲ್ಲಿ ಹಿಗ್ಗುವ, ಸೋಲಿನಲ್ಲಿ ಕುಗ್ಗುವ ಶಕ್ತಿ ಮನುಷ್ಯನಿಗೆ ಅಲ್ಲಾಹನು ಕರುಣಿಸಿದ ಗುಣವೇ ಆಗಿದೆ. ಪ್ರವಾದಿ(ಸ) ಓಟದ ಸ್ಪರ್ಧೆಯನ್ನು ಬಲ್ಲವರಾಗಿದ್ದರು. ಆಟವನ್ನು ಅವರು ದ್ವೇಷಿಸಲಿಲ್ಲ. ಅಲ್ಲದೆ ದೂರದ ಮೈದಾನವೂ ಒಳಿತನ್ನು ಕಲಿಸಬಲ್ಲದು. 2021ರ ರಮಝಾನಿನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ತಂಡಗಳು ಉಪವಾಸಿಗ ಆಟಗಾರರ ಇಫ್ತಾರ್‌ಗಾಗಿ ಪಂದ್ಯವನ್ನೇ ಕ್ಷಣಕಾಲ ನಿಲ್ಲಿಸಿದವು. 2017ರಲ್ಲಿ ಮುಹಮ್ಮದ್ ಸಲಾಹ್ ಲಿವರ್‌ಪೂಲ್ ಸೇರಿದ ಬಳಿಕ ಆ ಪ್ರದೇಶದಲ್ಲಿ ದ್ವೇಷಾಪರಾಧಗಳು ನಿರೀಕ್ಷೆಗಿಂತ ಶೇ. 16ರಷ್ಟು ಇಳಿದವೆಂದು ಸಂಶೋಧಕರು ಅಂದಾಜಿಸಿದ್ದಾರೆ. ಗೋಲು ಹೊಡೆದು ಸುಜೂದ್ ಮಾಡುವ ಒಬ್ಬ ಆಟಗಾರ ನೂರು ಭಾಷಣಗಳು ಮಾಡದ ಕೆಲಸವನ್ನು ಮಾಡಿರಬಹುದು.

ಹಾಗಾದರೆ ತೊಡಕೆಲ್ಲಿದೆ? ಈ ಪ್ರೀತಿ ಅಲ್ಲಿಯವರಿಂದ ಬೇಡುವುದು ಒಂದು, ನಮ್ಮಿಂದ ಬೇಡುವುದು ಇನ್ನೊಂದು ಎಂಬಲ್ಲಿದೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಮೂಲ 1878ರಲ್ಲಿ ರೈಲ್ವೆ ಕಾರ್ಮಿಕರು ಕಟ್ಟಿಕೊಂಡ ತಂಡದಲ್ಲಿದೆ. ಅಂತಹ ಕ್ಲಬ್ಬು ಆ ಊರಿನವರಿಗೆ ತಂದೆಯಿಂದ ಮಗನಿಗೆ ಬರುವ ಮನೆತನದ ಹಾಗೆ. ತಪ್ಪಿದರೆ ಗದರಿಸುವ ಹಕ್ಕೂ ಅವರಿಗಿದೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಸಿರಿವಂತ ಕ್ಲಬ್‌ಗಳು ತಮ್ಮದೇ ಪ್ರತ್ಯೇಕ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಅಲ್ಲಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಆ ಯೋಜನೆಯ ಹಿಂದಿದ್ದವರು ಊರಿನ ಹಳೆಯ ಅಭಿಮಾನಿಗಳನ್ನು ಒಂದು ಕಡೆ, ‘ಭವಿಷ್ಯದ ಅಭಿಮಾನಿಗಳನ್ನು’ ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಿದ್ದರೆಂದು ಆಗ ವರದಿಯಾಗಿತ್ತು. ಆ ಎರಡನೆಯ ಪಟ್ಟಿಯಲ್ಲಿರುವವರು ನಮ್ಮ ಹುಡುಗರೇ. ಊರಿನವನು ಪ್ರಶ್ನಿಸಬಲ್ಲ, ದೂರದವನು ಕೊಳ್ಳಬಲ್ಲ, ಅಷ್ಟೆ. ಅವನ ಧ್ವನಿ ಅಲ್ಲಿಗೆ ತಲುಪುವುದಿಲ್ಲ. ಅವನ ಸಮಯ ಮತ್ತು ಹಣ ಮಾತ್ರ ತಲುಪುತ್ತವೆ.

ಮೊದಲು ಸಮಯ. ಚಳಿಗಾಲದಲ್ಲಿ ಚಾಂಪಿಯನ್ಸ್ ಲೀಗ್‌ನ ಹೆಚ್ಚಿನ ಪಂದ್ಯಗಳು ನಮ್ಮಲ್ಲಿ ರಾತ್ರಿ 1.30ಕ್ಕೆ ಆರಂಭವಾಗುತ್ತವೆ. ಮುಗಿಯುವಾಗ ಮೂರೂಕಾಲು ದಾಟಿರುತ್ತದೆ. ಫಜ್ರ್‌ನ ಅಝಾನ್‌ಗೆ ಉಳಿಯುವುದು ಎರಡು ಗಂಟೆ ಚಿಲ್ಲರೆ. ಲಿವರ್‌ಪೂಲಿನ ಅಭಿಮಾನಿ ಪಂದ್ಯ ಮುಗಿಸಿ ಮಲಗುವ ಹೊತ್ತಿಗೆ ಮಲಗುತ್ತಾನೆ; ನಮ್ಮವನು ಏಳುವ ಹೊತ್ತಿಗೆ ಮಲಗುತ್ತಾನೆ. ತಪ್ಪಿದ ನಮಾಝ್, ತರಗತಿಯಲ್ಲಿ ತೂಕಡಿಸುವ ಕಣ್ಣು, ಇವು ಯಾವ ಕ್ಲಬ್ಬಿನ ಅಂಕಪಟ್ಟಿಯಲ್ಲೂ ದಾಖಲಾಗುವುದಿಲ್ಲ.

ಇನ್ನು ಅಂಗಿ. ಇಂಗ್ಲೆಂಡಿನ ಹಲವು ಕ್ಲಬ್‌ಗಳು ವರ್ಷಗಟ್ಟಲೆ ಜೂಜು ಕಂಪೆನಿಗಳ ಹೆಸರನ್ನು ಎದೆಯ ಮೇಲೆ ಹೊತ್ತಿದ್ದವು. 2025-26ರ ಋತುವಿನ ಕೊನೆಗೆ ಎದೆಭಾಗದಿಂದ ಅವುಗಳನ್ನು ತೆಗೆಯಲು ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳೇ 2023ರಲ್ಲಿ ಒಪ್ಪಿಕೊಂಡವು. ಜೂಜು ಹರಾಮ್ ಎಂದು ಮದ್ರಸದಲ್ಲಿ ಕಲಿತ ಹುಡುಗ ಅದರ ಜಾಹೀರಾತನ್ನು ತೊಟ್ಟು ಸಫ್‌ನಲ್ಲಿ ನಿಲ್ಲುವಾಗ, ತಾನು ಏನನ್ನು ಧರಿಸಿದ್ದೇನೆಂದು ಓದಿ ನೋಡಿದ್ದಾನೆಯೇ? ಸ್ಪೇನಿನ ಸೆವಿಲ್ಲಾ ಕ್ಲಬ್ಬಿನಲ್ಲಿ ಆಡುತ್ತಿದ್ದ ಫ್ರೆಡರಿಕ್ ಕನೂಟೆ ಓದಿ ನೋಡಿದ್ದರು. 2006ರಲ್ಲಿ ಜೂಜು ಕಂಪೆನಿಯ ಹೆಸರಿದ್ದ ಅಂಗಿಗೆ ಆಕ್ಷೇಪಿಸಿ, ಹೆಸರಿಲ್ಲದ ಅಂಗಿಯಲ್ಲಿ ಆಡಿದ್ದುಂಟು. ಮರುವರ್ಷ ಆ ನಗರದ ಮುಸ್ಲಿಮರು ನಮಾಝ್ ಮಾಡುತ್ತಿದ್ದ ಕಟ್ಟಡ ಕೈತಪ್ಪುವಂತಾದಾಗ ಐದು ಲಕ್ಷ ಯೂರೋಗೂ ಮಿಕ್ಕಿದ ತನ್ನ ಹಣ ತೆತ್ತು ಅದನ್ನು ಉಳಿಸಿಕೊಟ್ಟರು. ಅವರು ಆಡಿದ್ದು ಪರವೂರಿನಲ್ಲಿ, ಆದರೆ ಬದುಕಿದ್ದು ನೆರೆಯವರಾಗಿ.

ನಾವು ಹೇಳಬಯಸುವುದು ಇಷ್ಟೇ: ದೂರದ ಕ್ಲಬ್ಬಿನಿಂದ ತರುವುದಾದರೆ ಅದರ ಬಣ್ಣವನ್ನಲ್ಲ, ಅದರ ಊರತನವನ್ನು ತನ್ನಿ. ಲಿವರ್‌ಪೂಲ್ ಮತ್ತು ಎವರ್ಟನ್ ಒಂದೇ ನಗರದ ಬದ್ಧ ಎದುರಾಳಿಗಳು. ಆದರೆ 2015ರಲ್ಲಿ ಎರಡೂ ಕಡೆಯ ಅಭಿಮಾನಿಗಳು ಸೇರಿ, ಪಂದ್ಯದ ದಿನ ಮೈದಾನದ ಹೊರಗೆ ಬಡವರಿಗಾಗಿ ಆಹಾರ ಸಂಗ್ರಹಿಸತೊಡಗಿದರು. ಹಸಿವಿಗೆ ಕ್ಲಬ್ಬಿನ ಬಣ್ಣವಿಲ್ಲವೆಂಬುದು ಅವರ ನಿಲುವು. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬಿಸಿಕೊಳ್ಳುವವನ ವಿಶ್ವಾಸವನ್ನು ಪ್ರವಾದಿ(ಸ) ಪ್ರಶ್ನಿಸಿದ್ದನ್ನು ಬಲ್ಲ ನಮಗೆ ಇದು ಅಪರಿಚಿತ ಪಾಠವಲ್ಲ. ಇಲ್ಲಿಯಾದರೋ ಎರಡು ಕ್ಲಬ್‌ಗಳ ಹೆಸರಿನಲ್ಲಿ ಒಂದೇ ಓಣಿಯ ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಬೈದಾಡಿ ಮಾತು ಬಿಡುವುದುಂಟು.

ಯುವಕರೇ, ನಿಮ್ಮ ಕ್ಲಬ್ಬನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ತಡರಾತ್ರಿಯ ಪಂದ್ಯದ ಸಾರಾಂಶವನ್ನು ಬೆಳಗ್ಗೆ ಹತ್ತು ನಿಮಿಷದಲ್ಲಿ ನೋಡಬಹುದು; ಫಜ್ರ್‌ಗೆ ಸಾರಾಂಶವಿಲ್ಲ. ಒಂದು ಜೆರ್ಸಿಯ ಹಣಕ್ಕೆ ಊರ ಮಕ್ಕಳಿಗೊಂದು ಚೆಂಡು ಬರುತ್ತದೆ. ಪಂದ್ಯ ನೋಡಲು ಕೂಡುವ ಹತ್ತು ಮಂದಿಯೇ ಮಳೆಗಾಲಕ್ಕೆ ಮುನ್ನ ನೆರೆಯ ವಿಧವೆಯೊಬ್ಬರ ಮಾಡಿನ ಒಡೆದ ಹೆಂಚುಗಳನ್ನು ಬದಲಿಸಬಹುದು. ಆಕೆ ಯಾವ ಧರ್ಮದವಳೆಂದು ಕೇಳಬೇಕಾಗಿಲ್ಲ. ಲಿವರ್‌ಪೂಲಿಗೆ ಇನ್ನೊಬ್ಬ ಅಭಿಮಾನಿ ಕಡಿಮೆಯಾದರೆ ಅಲ್ಲಿ ಯಾರಿಗೂ ತಿಳಿಯದು. ಕುಂಭಾಶಿಯಲ್ಲಿ ಒಬ್ಬ ನೆರೆಯವನು ಕಡಿಮೆಯಾದರೆ ಪಕ್ಕದ ಮನೆಗೆ ಅಂದೇ ತಿಳಿಯುತ್ತದೆ.