ಕೊಡಗೂಸು ಎಂದರೆ ಕೊಡಬೇಕಾದ ಕೂಸಲ್ಲ

ಮದುವೆಯಾಗದ ಎಳೆಯ ಹುಡುಗಿಯನ್ನು ಹಳೆಯ ಕನ್ನಡ ‘ಕೊಡಗೂಸು’ ಎಂದು ಕರೆಯಿತು. ಈಗ ಆ ಮಾತು ಪುಸ್ತಕದಲ್ಲಷ್ಟೇ ಸಿಗುತ್ತದೆ. ಕೇಳಿದವರು ‘ಯಾರಿಗೋ ಕೊಡಬೇಕಾದ ಕೂಸು’ ಎಂದು ಅರ್ಥ ಮಾಡಿಕೊಂಡರೆ ಅಚ್ಚರಿಯಿಲ್ಲ.

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಂತೂ ಹಾಗೆ ಕೇಳಿಸುವುದು ಇನ್ನೂ ಸಹಜ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ನಡುವೆ ಗಡಿ ಇದ್ದರೂ ಚಾಮರಾಜನಗರದ ಕಡೆಯೊಂದಿಗೆ ಹೆಣ್ಣು ಕೊಟ್ಟು ತರುವ ನಂಟು ಕಡಿಯಲಿಲ್ಲ. ದಿಂಬಂ ಘಾಟಿಯ 27 ತಿರುವು ಇಳಿದರೆ ತಮಿಳಿನ ಬಯಲು, ಬೆಟ್ಟದ ಮೇಲೆ ಮನೆಮನೆಯ ಮಾತು ಕನ್ನಡ. ಆ ಮಾತಿನಲ್ಲಿ ಮಗಳ ಮದುವೆ ಎಂದರೆ ಇಂದಿಗೂ ‘ಹೆಣ್ಣು ಕೊಡುವುದು’.

ಆದರೆ ಕೊಡಗೂಸಿನ ‘ಕೊಡ’ ಕೊಡುವ ಕೊಡವಲ್ಲ, ನೀರಿನ ಕೊಡವೂ ಅಲ್ಲ. ‘ಕೊಡ’ ಎಂದರೆ ಎಳೆತನ ಎಂದು ಹಳೆಯ ನಿಘಂಟುಗಳು ಹೇಳುತ್ತವೆ. ಕೊಡಗೂಸು ಅಂದರೆ ಎಳೆಗೂಸು, ಅಷ್ಟೇ. ಹುಡುಗಿಯನ್ನು ಅವಳ ವಯಸ್ಸಿನಿಂದ ಗುರುತಿಸಿದ ಮಾತದು. ಅವಳು ಯಾರ ಮನೆ ಸೇರುತ್ತಾಳೆ ಎಂಬುದರಿಂದಲ್ಲ.

ಹರಿಹರನ ರಗಳೆಯಲ್ಲಿ ಬರುವ ಕೋಳೂರು ಕೊಡಗೂಸನ್ನೇ ನೋಡಿ. ಊರಿಗೆ ಹೊರಟ ತಂದೆ ಶಿವನಿಗೆ ಹಾಲು ಕುಡಿಸುವ ಕೆಲಸವನ್ನು ಮಗಳಿಗೆ ಒಪ್ಪಿಸುತ್ತಾನೆ. ಲಿಂಗ ಹಾಲು ಕುಡಿಯದು. ಹುಡುಗಿ ಬೇಡುತ್ತಾಳೆ, ಅಳುತ್ತಾಳೆ, ಹಟ ಹಿಡಿಯುತ್ತಾಳೆ. ಕೊನೆಗೆ ಶಿವನೇ ಸೋಲುತ್ತಾನೆ. ಕಥೆಯ ಬಲ ಇರುವುದು ಆ ಎಳೆಯ ಹಟದಲ್ಲಿ. ಅವಳ ಮದುವೆಯ ಚಿಂತೆ ಕವಿಗಿಲ್ಲ.

ತಾಳವಾಡಿಯವರು ಹರಕೆ ಹೊತ್ತು ಹೋಗುವ ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿಗೆ ಹಾಲರವಿ ಉತ್ಸವ ನಡೆಯುತ್ತದೆ. ಬೇಡಗಂಪಣ ಕುಲದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತಂದರೇ ಮಾದಪ್ಪನಿಗೆ ಅಭಿಷೇಕ. ಅಲ್ಲಿಯೂ ಮುಂದೆ ನಡೆಯುವವರು ಎಳೆಯ ಹುಡುಗಿಯರೇ.

‘ಕೂಸು’ ಎಂಬ ಮಾತು ಮಾತ್ರ ಇನ್ನೂ ಬಾಡಿಲ್ಲ. ಹವ್ಯಕರ ಮನೆಗಳಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ನಾವು ದಿನವೂ ಆಡುವ ‘ಹೆಂಗಸು’ ಹುಟ್ಟಿದ್ದು ಹೆಣ್ಣು, ಕೂಸು ಸೇರಿದ ‘ಹೆಂಗೂಸಿ’ನಿಂದ. ‘ಗಂಡಸು’ ಕೂಡ ಹಾಗೆಯೇ ಬೆಳೆದ ಗಂಡುಕೂಸು. ಪದದ ಮೂಲದಲ್ಲಿ ಇಬ್ಬರಿಗೂ ಸಮಪಾಲು. ಆದರೆ ಬಳಕೆಯಲ್ಲಿ ಗಂಡನ್ನು ಯಾರೂ ‘ಕೊಡು’ವುದಿಲ್ಲ, ಕೊಡುವುದು ಹೆಣ್ಣನ್ನು ಮಾತ್ರ.

ಹುಡುಗಿಯ ಮದುವೆಯ ವಯಸ್ಸನ್ನು ಕಾನೂನು 1978ರಲ್ಲಿ 15ರಿಂದ 18ಕ್ಕೆ ಏರಿಸಿತು. ಎಳೆತನಕ್ಕೂ ಒಂದು ಹಕ್ಕುಂಟು ಎಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ಅಷ್ಟು ಕಾಲ ಹಿಡಿಯಿತು. ತಾಳವಾಡಿಯ ಕನ್ನಡ ಶಾಲೆಗಳ ಮೇಷ್ಟ್ರುಗಳು ಹರಿಹರನ ಆ ಕಥೆಯನ್ನು ಹೇಳಲಿ, ಕೊಡಗೂಸಿನ ನಿಜವಾದ ಅರ್ಥವನ್ನೂ ತಿಳಿಸಲಿ. ಅದನ್ನು ಹುಡುಗಿಯರಷ್ಟೇ ಅಲ್ಲ, ಅವರ ಅಪ್ಪಂದಿರೂ ಕೇಳಿಸಿಕೊಳ್ಳಬೇಕು.