ಕೆಡದ ಯಂತ್ರಕ್ಕೆ ಗುಜರಿಯ ದಾರಿ

ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಹೊರಟು, ಚಿಕ್ಕಬಾಣಾವರದಲ್ಲೋ ಯಶವಂತಪುರದಲ್ಲೋ ಇಳಿದು ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ನಮ್ಮ ಓದುಗರು ಅನೇಕರಿದ್ದಾರೆ. ಅವರಲ್ಲೊಬ್ಬರು, ಲೇತ್ ಮೇಲೆ ಇಪ್ಪತ್ತು ವರ್ಷ ಕೈ ಪಳಗಿಸಿದವರು, ಮೊನ್ನೆ ಭಾನುವಾರ ನಮ್ಮ ಕಚೇರಿಗೆ ಬಂದು ಚೀಲದಿಂದ ಒಂದು ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು. “ಸ್ವಾಮಿ, ಇದು ಕೆಟ್ಟಿಲ್ಲ. ಮಗಳು ದಿನಾ ಇದರಲ್ಲೇ ಓದಿಕೊಳ್ಳುತ್ತಾಳೆ. ಆದರೆ ಅಂಗಡಿಯವರು ಇದರ ಕಾಲ ಮುಗಿಯಿತು, ಹೊಸದು ಕೊಳ್ಳಿ ಅಂತಾರೆ. ನಮ್ಮ ಶೆಡ್ಡಿನ ಲೇತಿಗೆ ನನ್ನಷ್ಟೇ ವಯಸ್ಸು. ಅದರ ಕಾಲ ಮುಗಿಯಿತು ಅಂತ ಯಾರೂ ಹೇಳಲಿಲ್ಲವಲ್ಲ?” ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದು. ಇದು ಒಬ್ಬರ ಪ್ರಶ್ನೆಯೂ ಅಲ್ಲ. ಆದಕಾರಣ ಈ ವಾರದ ಅಗ್ರಲೇಖನವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ನಗರಸಭೆಯ ಚರಂಡಿ ಮುಂದಿನ ವಾರದ ತನಕ ಕಾಯಲಿ. ಅದಕ್ಕೆ ಕಾಯುವ ಅಭ್ಯಾಸವಿದೆ.

ನಡೆದದ್ದು ಇಷ್ಟು. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯವರು 2015ರ ಜುಲೈನಲ್ಲಿ ವಿಂಡೋಸ್ 10 ಎಂಬ ವ್ಯವಸ್ಥೆಯನ್ನು ಹೊರತಂದರು. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿದರು. ಬೆಂಬಲ ನಿಂತಿತೆಂದರೆ ಯಂತ್ರ ಅಂದೇ ಸ್ತಬ್ಧವಾಯಿತೆಂದಲ್ಲ. ಮನೆಯ ಬೀಗದಲ್ಲಿ ಹೊಸದೊಂದು ದೋಷವನ್ನು ಕಳ್ಳರು ಕಂಡುಹಿಡಿದರೆ ಅದನ್ನು ಸರಿಪಡಿಸಿಕೊಡುವ ಬೀಗದವನು ಇನ್ನು ಬರುವುದಿಲ್ಲ ಎಂದು ಅರ್ಥ. ಬ್ಯಾಂಕಿನ ವ್ಯವಹಾರ, ಜಿ.ಎಸ್.ಟಿ. ಲೆಕ್ಕ, ಗಿರಾಕಿಗಳ ವಿಳಾಸ ಇಟ್ಟುಕೊಂಡಿರುವ ಅಂಗಡಿಗೆ ಇದು ಸಣ್ಣ ಅಪಾಯವಲ್ಲ. ಮನೆಬಳಕೆಯವರಿಗೆ ಇನ್ನೊಂದು ವರ್ಷದ ವಾಯಿದೆಯನ್ನು, 2026ರ ಅಕ್ಟೋಬರ್ 13ರ ತನಕ, ಕಂಪನಿ ಷರತ್ತುಗಳ ಮೇಲೆ ಘೋಷಿಸಿತು. ಸಂಸ್ಥೆಗಳಿಗಾದರೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್. ವರ್ಷ ಕಳೆದಂತೆ ಇಮ್ಮಡಿ. ಸಾಲದ ಅಂಗಡಿಯ ಬಡ್ಡಿಯನ್ನು ಬಲ್ಲವರಿಗೆ ಈ ಲೆಕ್ಕ ಹೊಸದೇನಲ್ಲ.

ಹಾಗಾದರೆ ಮುಂದಿನ ವಿಂಡೋಸ್ 11ಕ್ಕೆ ಹೋಗಬಾರದೆ? 2021ರಲ್ಲಿ ಬಂದ ಆ ವ್ಯವಸ್ಥೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರಾದರೆ, ಕೆಲವು ಅಪವಾದಗಳನ್ನು ಬಿಟ್ಟು, 2017ರಲ್ಲಿ ಬಂದ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಭದ್ರತೆಗೆ ಆ ಚಿಪ್ಪಿನಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ, ಇದೆ. ಆದರೆ 2016ರಲ್ಲಿ ಎರಡು ತಿಂಗಳ ಸಂಬಳ ಸುರಿದು ಕೊಂಡ ಯಂತ್ರ, ಕೀಲಿಮಣೆ ಸವೆದಿಲ್ಲದಿದ್ದರೂ, ಪರದೆ ಮಂಕಾಗಿಲ್ಲದಿದ್ದರೂ, ಆ ಒಂದು ನಿಯಮದಿಂದ ಪಂಕ್ತಿಯ ಹೊರಗೆ ನಿಲ್ಲುತ್ತದೆ. ವಸ್ತುವಿಗೆ ಹಣ ಕೊಟ್ಟವನು ಕಾರ್ಮಿಕ. ಅದರ ಆಯುಷ್ಯ ಬರೆಯುವವನು ಇನ್ನೊಬ್ಬ. ನಮ್ಮ ತಕರಾರು ಇರುವುದು ಇಲ್ಲಿ.

ಇದಕ್ಕೆ ದಾರಿ ಇಲ್ಲದಿಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಒಂದು ವ್ಯವಸ್ಥೆಯ ತಿರುಳನ್ನು ಬರೆದು ಲೋಕದ ಮುಂದಿಟ್ಟ. ಅದೇ ಲಿನಕ್ಸ್. ಅದಕ್ಕೂ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕನ್ನರು ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ, ಬಿಚ್ಚಿ ನೋಡಲಿ, ತಿದ್ದಲಿ, ನೆರೆಯವನಿಗೆ ಹಂಚಲಿ ಎಂಬುದು ಅವರ ವಾದ. ಎರಡೂ ಕೂಡಿ, ಸಾವಿರಾರು ಜನರ ಕೈ ಸೇರಿ, ಇಂದು ಲೋಕದ ಅತಿ ವೇಗದ 500 ಗಣಕಗಳಲ್ಲಿ ಎಲ್ಲವೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಿನಲ್ಲಿರುವುದೂ ಅದೇ ತಿರುಳು. ಆದ್ದರಿಂದ “ಅದು ಇಂಜಿನಿಯರುಗಳ ಸಾಮಾನು, ನಮಗಲ್ಲ” ಎನ್ನುವವರು ದಿನಕ್ಕೆ ನೂರು ಸಲ ಅದನ್ನೇ ಮುಟ್ಟುತ್ತಿದ್ದಾರೆ.

ವೈಟ್‌ಫೀಲ್ಡಿನ ಗಾಜಿನ ಮಹಲುಗಳಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಹಗಲಿರುಳು ದುಡಿಯುವ ನಮ್ಮ ಹುಡುಗರು ಹುಡುಗಿಯರು ಪರದೇಶದ ಬ್ಯಾಂಕುಗಳಿಗೂ ಅಂಗಡಿಗಳಿಗೂ ನೋಡಿಕೊಳ್ಳುವ ಸರ್ವರುಗಳಲ್ಲಿ ಎಷ್ಟೋ ಲಿನಕ್ಸಿನವೇ. 2001ರಲ್ಲೇ ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ಈ ನಗರದಲ್ಲಿ ನೆರೆಯಿತು. ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರ ತನಕ ಬಾಳಿತು. ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ್ದಾದರೂ ಯಾರು? 1976ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಕಿಯೋನಿಕ್ಸ್, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ. ಇಷ್ಟೆಲ್ಲ ವಿದ್ಯೆ ಒಂದು ದಿಕ್ಕಿಗೆ ಹರಿಯುತ್ತಿರುವಾಗ, ಅದೇ ನಗರದ ಪೀಣ್ಯದಲ್ಲಿ ನಾಲ್ಕು ಜನರ ಶೆಡ್ಡಿನ ಮಾಲೀಕ ಕೆಡದ ಗಣಕವನ್ನು ಕಿಲೋ ಲೆಕ್ಕಕ್ಕೆ ತೂಗಿಹಾಕುತ್ತಾನೆ.

ಇನ್ನು ಕೆಲಸದ ಮಾತು. ಲಿನಕ್ಸಿನಲ್ಲಿ ಹಲವು ಬಗೆಗಳಿವೆ. ಹಳೆಯ ಯಂತ್ರಗಳಿಗೆ ಹಗುರವಾದವು ಬೇಕು: ಲುಬುಂಟು, ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ, ಡೆಬಿಯನ್, ಇವಕ್ಕಿಂತಲೂ ಹಗುರವಾದ ಆಂಟಿಎಕ್ಸ್. (ಈ ಕೊನೆಯದನ್ನು ತಯಾರಿಸುವವರು ತಾವು ಫ್ಯಾಸಿಸ್ಟ್ ವಿರೋಧಿಗಳೆಂದು ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಅದರಿಂದ ಯಂತ್ರದ ವೇಗ ಹೆಚ್ಚುವುದಿಲ್ಲವಾದರೂ ನಮಗೆ ಸಂತೋಷವಾಯಿತು.) ಮೊದಲು ಒಂದು ಪೆನ್ ಡ್ರೈವಿಗೆ ವ್ಯವಸ್ಥೆಯನ್ನು ಬರೆದು, ಯಂತ್ರವನ್ನು ಅದರಿಂದಲೇ ಎಬ್ಬಿಸಿ ನೋಡಬಹುದು. ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ವೈಫೈ ಸಿಗುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರ್ ಓಡುತ್ತದೆಯೆ ಎಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಮುಂದುವರಿಯುವುದು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಬಂದ ಆ ಲ್ಯಾಪ್‌ಟಾಪಿನ ಮುಖ್ಯ ರೋಗ ಡಿಸ್ಕಿನದು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಗಿ ಇಡೀ ಯಂತ್ರವನ್ನೇ ಎಳೆದು ನಿಲ್ಲಿಸುತ್ತದೆ. ಅದನ್ನು ತೆಗೆದು ಎಸ್.ಎಸ್.ಡಿ. ಕೂರಿಸಿದರೆ ಯಂತ್ರ ಬೇರೆಯೇ ಆಗಿಬಿಡುತ್ತದೆ. ಖರ್ಚು ಹೊಸ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ರ‍್ಯಾಮ್ ಪಟ್ಟಿಗಳೂ ಸಿಗುತ್ತವೆ. ಹಗುರ ವ್ಯವಸ್ಥೆ ತಾನು ಒಂದು ಜಿ.ಬಿ.ಗಿಂತ ಕಡಿಮೆಯಲ್ಲೇ ಎದ್ದು ನಿಂತೀತು, ಆದರೆ ಇಂದಿನ ವೆಬ್ ಪುಟಗಳು ಹಾಗಲ್ಲ. ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಟ್ಟು ಲಿನಕ್ಸನ್ನು ಬೈಯಬಾರದು. 4 ಜಿ.ಬಿ. ಇದ್ದರೆ ಸಾಗುತ್ತದೆ, 8 ಇದ್ದರೆ ನೆಮ್ಮದಿ.

ಅದೇ ಯಂತ್ರದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಬ್ಯಾಂಕಿನ ಪುಟ ತೆರೆಯದು. “ಸುರಕ್ಷಿತವಲ್ಲ” ಎಂದು ತಕರಾರು. ಹುಡುಗಿ ವೈರಸ್ಸೆಂದು ಹೆದರಿದ್ದಳು. ನೋಡಿದರೆ ಗಡಿಯಾರ ಹಲವು ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಒಳಗಿನ ನಾಣ್ಯದಂಥ ಸೆಲ್ಲು, ಸಿ.ಆರ್. 2032, ಸತ್ತಿತ್ತು. ಬ್ಯಾಂಕಿನ ಪುಟ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ತಾರೀಖು ಒಂದಿರುತ್ತದೆ. ಯಂತ್ರದ ತಾರೀಖು ಅದಕ್ಕಿಂತ ಹಿಂದಿದ್ದರೆ ಬ್ರೌಸರ್ ನಂಬುವುದಿಲ್ಲ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಸೆಲ್ಲು ಹಾಕಿ ತಾರೀಖು ಸರಿಮಾಡಿದೆವು. ಕಾಲ ಮುಗಿದದ್ದು ಯಂತ್ರದ್ದಲ್ಲ, ಆ ಬಿಲ್ಲೆಯದು! ವೈಫೈ ಚಿಪ್ಪನ್ನು ಲಿನಕ್ಸ್ ಗುರುತಿಸದಿರುವುದೂ ಉಂಟು, ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಲ್ಲಿ ವಿಶೇಷವಾಗಿ. ಆಗ ಫೋನನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನು ಹಂಚಿಕೊಂಡು, ಬೇಕಾದ ಡ್ರೈವರನ್ನು ತರಿಸಿಕೊಂಡರೆ ಮುಗಿಯಿತು.

ಮೇಲ್ದರ್ಜೆಗೆ ಏರಿಸುವ ವಿಷಯದಲ್ಲಿ ನಾವೇ ಪಟ್ಟ ಪಾಡನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಕಚೇರಿಯ ಗಣಕದಲ್ಲಿ ಲುಬುಂಟು 22.04 ಇತ್ತು. ಅದರ ಬೆಂಬಲ ಮೂರು ವರ್ಷದ್ದು; 2025ರ ಏಪ್ರಿಲ್‌ಗೆ ಮುಗಿಯುತ್ತಿತ್ತು. ಲಿನಕ್ಸಿಗೂ ವಾಯಿದೆ ಇದೆಯೆಂಬುದನ್ನು ಓದುಗರು ಗಮನಿಸಬೇಕು. ವ್ಯತ್ಯಾಸವೆಂದರೆ ಮುಂದಿನದು ಬಿಟ್ಟಿ, ಮತ್ತು ಅದು ಹೊಸ ಚಿಪ್ಪು ಕೇಳಲಿಲ್ಲ. 24.04ಕ್ಕೆ ಏರಿಸಲು ಕುಳಿತೆವು. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು, ಯು.ಪಿ.ಎಸ್.ನ ಬ್ಯಾಟರಿ ಐದು ನಿಮಿಷಕ್ಕೆ ಕೈಚೆಲ್ಲಿತು. ಮತ್ತೆ ಎಬ್ಬಿಸಿದರೆ ಕಪ್ಪು ಪರದೆ. ಚಂದಾದಾರರ ಪಟ್ಟಿಯ ಪ್ರತಿಯನ್ನು ಬೇರೆಲ್ಲೂ ಇಟ್ಟಿರಲಿಲ್ಲ. ಓದುಗರಿಗೆ ಉಪದೇಶ ಮಾಡುವ ನಾವು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮಾರನೆಯ ದಿನ ಯಂತ್ರ ಏಳುವಾಗ ಕಾಣುವ ಪಟ್ಟಿಯಲ್ಲಿ ‘ರಿಕವರಿ’ ಆರಿಸಿ, ಅಲ್ಲಿ ಮುರಿದ ಪ್ಯಾಕೇಜುಗಳನ್ನು ದುರಸ್ತಿ ಮಾಡುವ ಸಾಲನ್ನು ಒತ್ತಿದೆವು. ಅರ್ಧಕ್ಕೆ ನಿಂತ ಕೆಲಸವನ್ನು ಅದು ತಾನೇ ಮುಗಿಸಿತು. ಪಟ್ಟಿ ಉಳಿಯಿತು. ಅದಾದ ಮೇಲೆ ನಮ್ಮ ನಿಯಮ ಹೀಗೆ: ಮೊದಲು ಕಡತಗಳ ಪ್ರತಿ, ಆಮೇಲೆ ಇರುವ ಆವೃತ್ತಿಯ ಬಾಕಿ ಅಪ್‌ಡೇಟುಗಳು, ಕೊನೆಗೆ ಏರಿಕೆ, ಅದೂ ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರುವಾಗ.

ಎಲ್ಲ ಹಳೆಯದೂ ಉಳಿಯುತ್ತದೆಂದು ಸುಳ್ಳು ಹೇಳಲಾರೆವು. 32 ಬಿಟ್‌ನ ತೀರ ಪುರಾತನ ಯಂತ್ರಗಳನ್ನು ಲಿನಕ್ಸಿನವರೂ ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಅನುಸ್ಥಾಪನೆಯ ವ್ಯವಸ್ಥೆ ಇಲ್ಲ. ವ್ಯಾಪಾರಿ ಮಿತ್ರರಿಗೆ ಇನ್ನೊಂದು ಎಚ್ಚರಿಕೆ. ನಿಮ್ಮ ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ ಆ ಒಂದು ಯಂತ್ರವನ್ನು ಅವಸರದಲ್ಲಿ ಬದಲಿಸಬೇಡಿ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಆ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಕೆಲವು ಅಗ್ಗದ ಲೇಸರ್ ಪ್ರಿಂಟರುಗಳೂ ಹಟಮಾರಿಗಳು. ಪತ್ರ, ಕೊಟೇಷನ್, ಬಿಲ್ಲು, ಮಕ್ಕಳ ಓದು, ಬ್ಯಾಂಕು, ವೆಬ್ಬಿನಲ್ಲಿ ನಡೆಯುವ ಜಿ.ಎಸ್.ಟಿ. ಸಲ್ಲಿಕೆ ಇವಕ್ಕೆ ತೊಂದರೆಯಿಲ್ಲ. ಲಿಬ್ರೆ ಆಫೀಸ್ ಎಂಬ ಬಿಟ್ಟಿ ತಂತ್ರಾಂಶದಲ್ಲಿ ಎಕ್ಸೆಲ್ ಕಡತಗಳೂ ತೆರೆಯುತ್ತವೆ.

ಕನ್ನಡದ ಮಾತೇನು? ಯೂನಿಕೋಡಿನಲ್ಲಿ ಬರೆಯುವವರಿಗೆ ಯಾವ ಅಡ್ಡಿಯೂ ಇಲ್ಲ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಅಕ್ಷರಗಳಿವೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಸಿಗುವುದರಿಂದ ನುಡಿಯಲ್ಲಿ ಕೈ ಪಳಗಿದವರು ಹೊಸದಾಗಿ ಕಲಿಯಬೇಕಾಗಿಲ್ಲ. ನುಡಿಯ ಹಳೆಯ ಕ್ರಮದಲ್ಲಿ ಬರೆದ ಕಡತಗಳು ಮಾತ್ರ, ಆ ಫಾಂಟು ಇಲ್ಲದ ಕಡೆ, ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹೀಗೆ ಪರಿವರ್ತಿಸುವ ಕೆಲಸ ಇನ್ನೂ ಮುಗಿದಿಲ್ಲ. ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ಇದೆಲ್ಲ ಒಬ್ಬೊಬ್ಬರೇ ಮನೆಯಲ್ಲಿ ಕೂತು ಮಾಡುವ ಕೆಲಸವಾಗಿ ಉಳಿಯಬಾರದು. ಪಕ್ಕದ ಕೇರಳ ಸರ್ಕಾರ ತನ್ನ ಶಾಲೆಗಳ ಗಣಕಗಳನ್ನು ವರ್ಷಗಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಗಡಿಯ ಕಾಸರಗೋಡಿನ ಕನ್ನಡ ಶಾಲೆಗಳೂ ಆ ಏರ್ಪಾಟಿನೊಳಗೇ ಇವೆ. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಯುವಕರು ಅಂಬೇಡ್ಕರ್ ಹೆಸರಿನ ಸಮುದಾಯ ಗಣಕ ಕೇಂದ್ರವನ್ನು ತೆರೆದು, ಬಡವರ ಮಕ್ಕಳ ಕೈಗೆ ಜಿಂಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಕೊಟ್ಟರು. ಕಟ್ಟಡ ಕೂಲಿಗೆ ಹೋಗುವವರ ಓಣಿಯಲ್ಲಿ ಇದು ಸಾಧ್ಯವಾದರೆ ಪೀಣ್ಯದಲ್ಲಿ ಏಕಾಗದು? ಅಲ್ಲಿ ಕಾರ್ಮಿಕ ಸಂಘಗಳಿಗೆ ಕಚೇರಿಗಳಿವೆ, ಮೇಜುಗಳಿವೆ, ಭಾನುವಾರಗಳೂ ಇವೆ.

ಸರ್ಕಾರದಿಂದ ನಾವು ಕೇಳುವುದು ಅನುದಾನವನ್ನಲ್ಲ. ಯಾವ ಇಲಾಖೆಯ ಅರ್ಜಿಯೂ, ಯಾವ ತೆರಿಗೆಯ ಸಲಕರಣೆಯೂ ಒಂದೇ ಕಂಪನಿಯ ವ್ಯವಸ್ಥೆ ಇದ್ದರೆ ಮಾತ್ರ ನಡೆಯುವಂತೆ ಇರಕೂಡದು. ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್ ಹುಡುಗರಿಗೆ ಯಂತ್ರ ಬಿಚ್ಚಿ ಕಟ್ಟುವುದನ್ನು ಕಲಿಸುವ ಹಾಗೆಯೇ ಗಣಕವನ್ನೂ ಬಿಚ್ಚಿ ಕಟ್ಟುವುದನ್ನು ಕಲಿಸಲಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಹಳೆಯದನ್ನು ಒಡೆದು ಲೋಹ ತೆಗೆಯುವವರಿಗಷ್ಟೇ ಅಲ್ಲ, ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರಿಗೂ ಸ್ಥಾನವಿದೆ. ವೈಟ್‌ಫೀಲ್ಡಿನ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಹೊರಹಾಕುವ ಯಂತ್ರಗಳು ಸುತ್ತಿಗೆಯ ಕೆಳಗೆ ಹೋಗುವ ಮೊದಲು ಸರ್ಕಾರಿ ಶಾಲೆಯ ಬಾಗಿಲನ್ನು ಕಾಣುವಂತೆ ಮಾಡಲು ಜಿಲ್ಲಾಡಳಿತಕ್ಕೆ ಯಾರೂ ಅಡ್ಡ ಬಂದಿಲ್ಲ.

ಆ ಲೇತ್ ಕೆಲಸಗಾರರ ಲ್ಯಾಪ್‌ಟಾಪ್ ಈಗ ಅವರ ಮನೆಯಲ್ಲಿದೆ. ಮಗಳಿಗೆ ಒಂದು ದೂರು ಮಾತ್ರ ಉಳಿದಿದೆ: ಕಾಲೇಜಿನ ಪ್ರಿಂಟರ್ ಇನ್ನೂ ಒಗ್ಗಿಲ್ಲ. ಅದನ್ನು ನೋಡಲು ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳೇ ನಮ್ಮ ಕಚೇರಿಗೆ ಬರುತ್ತಾಳೆ. ಪೆನ್ ಡ್ರೈವಿಗೆ ವ್ಯವಸ್ಥೆ ಬರೆಯುವುದನ್ನು ಆಗಲೇ ಕಲಿತಿದ್ದಾಳೆ, ಇತರರಿಗೂ ಬರೆದುಕೊಡಲು ಒಪ್ಪಿದ್ದಾಳೆ. ಬರುವವರು 8 ಜಿ.ಬಿ.ಗೆ ಕಡಿಮೆಯಿಲ್ಲದ ಒಂದು ಖಾಲಿ ಪೆನ್ ಡ್ರೈವನ್ನೂ, ತಮ್ಮ ಕಡತಗಳ ಪ್ರತಿ ಇಡಲು ಇನ್ನೊಂದನ್ನೂ ತರಬೇಕು. ಚಾರ್ಜರ್ ಮರೆಯಬೇಡಿ, ನಮ್ಮ ಯು.ಪಿ.ಎಸ್. ಇನ್ನೂ ಹಳೆಯದೇ.